ಯೂತ್ ಕಾನ್ಫರೆನ್ಸಿಗೆ ವಾರ್ಡನ್ ಆಗಿ ಹೋದ ಕತೆ

ಮೊದಲೇ ಹೇಳಿಬಿಡುತ್ತೇನೆ, ನಾನು ದೇವರನ್ನು ಹುಡುಕಿಕೊಂಡು ಹೋದವಳಲ್ಲ. ಹನ್ನೊಂದು ಹುಡುಗಿಯರನ್ನು ಕಾಯಲು ಹೋದವಳು.

ನಮ್ಮದು ಉಡುಪಿ ಹತ್ತಿರದ ಒಂದು ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಚರ್ಚು. ಮೇ ತಿಂಗಳಲ್ಲಿ ಮಂಗಳೂರಿನ ಬಲ್ಮಠದ ಕಡೆ ಮೂರು ದಿನದ ಯುವಜನರ ಕಾನ್ಫರೆನ್ಸ್ ಇತ್ತು. ನಮ್ಮಲ್ಲಿ ಹೆಸರು ಕೊಟ್ಟವರೆಲ್ಲ ಹುಡುಗಿಯರು. ಜೊತೆಗೆ ಯಾರಾದರೂ ದೊಡ್ಡವರು ಹೋಗದಿದ್ದರೆ ಕಳಿಸುವುದಿಲ್ಲ ಅಂತ ತಾಯಂದಿರು ಕೂತರು. ನನ್ನ ದೊಡ್ಡಮ್ಮ ಸ್ತ್ರೀಯರ ಸಂಘದಲ್ಲಿದ್ದಾರೆ. ಅವರು ನನ್ನನ್ನು ಒಂದು ಮಾತು ಕೇಳಲಿಲ್ಲ. ಹೆಸರು ಬರೆಸಿ, ಫೀಸು ಕಟ್ಟಿ, ರಶೀದಿಯನ್ನು ನಮ್ಮ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ ಹೋಗಿದ್ದರು.

"ನಂಗೆ ಮೂವತ್ತೊಂದು ವರ್ಷ ದೊಡ್ಡಮ್ಮ. ಯೂತ್ ಅಂದ್ರೆ ಜನ ನಗ್ತಾರೆ."

"ಮದುವೆ ಆಗುವವರೆಗೆ ಎಲ್ಲರೂ ಯೂತೇ. ಮೂರು ದಿನ ಅಲ್ವಾ, ಹೋಗಿ ಬಾ ಮಾರಾಯ್ತಿ. ಊಟ ಒಳ್ಳೇದಿರ್ತದೆ."

ದೊಡ್ಡಮ್ಮನ ಲೆಕ್ಕಾಚಾರ ನನಗೆ ಗೊತ್ತಿತ್ತು. ನಾನು ಚರ್ಚಿಗೆ ಸರಿಯಾಗಿ ಹೋಗದೆ ನಾಲ್ಕು ವರ್ಷ ಆಗಿತ್ತು.

ನನ್ನ ಅಪ್ಪ ನಮ್ಮ ಸಭೆಯ ಕ್ವಾಯರಿನಲ್ಲಿ, ಅಂದರೆ ಹಾಡುವ ತಂಡದಲ್ಲಿ, ಇಪ್ಪತ್ತೆರಡು ವರ್ಷ ಟೆನರ್ (ಗಂಡಸರ ಎತ್ತರದ ಸ್ವರ) ಹಾಡಿದವರು. ನಾನು ಆಲ್ಟೋ, ಹೆಂಗಸರ ಕೆಳಗಿನ ಸ್ವರ. ಶನಿವಾರ ಸಂಜೆ ಪ್ರ್ಯಾಕ್ಟೀಸ್ ಮುಗಿಸಿ ಒಂದೇ ಸ್ಕೂಟರಿನಲ್ಲಿ ಬರುವಾಗಲೂ ಇಬ್ಬರದ್ದೂ ಹಾಡೇ. ಹಿಂದೆ ಕೂತು ನಾನು ತಪ್ಪು ಸ್ವರ ಹಿಡಿದರೆ ಅವರು ಹಾರ್ನ್ ಹೊಡೆಯುತ್ತಿದ್ದರು. 2021ರ ಮೇ ತಿಂಗಳಲ್ಲಿ ಕೊರೋನಾದ ಎರಡನೇ ಅಲೆ ಬಂತು, ಒಂಬತ್ತು ದಿನ ಆಸ್ಪತ್ರೆ, ಅಷ್ಟೇ. ಮಣ್ಣಿಗೆ ಐದು ಜನಕ್ಕೆ ಮಾತ್ರ ಅವಕಾಶ ಇದ್ದ ದಿನಗಳು ಅವು. ಸಭಾಪಾಲಕರಾದ ಅಯ್ಯನವರು ಬಿಳಿ ಕಿಟ್ ಹಾಕಿಕೊಂಡು ದೂರ ನಿಂತು ವಾಕ್ಯ ಓದಿದರು. ಯಾರೂ ಹಾಡಲಿಲ್ಲ. ಮಾಸ್ಕ್ ಒಳಗಿಂದ ಹಾಡುವುದಾದರೂ ಹೇಗೆ. ಆಮೇಲೆ ತಿಂಗಳುಗಟ್ಟಲೆ ಫೋನು ಮಾಡಿದವರೆಲ್ಲ ಒಂದೇ ಮಾತು ಹೇಳಿದರು, ದೇವರ ಚಿತ್ತ. ಹೇಳಿದವರ ಮೇಲೆ ನನಗೆ ಈಗ ಸಿಟ್ಟಿಲ್ಲ, ಅವರಾದರೂ ಎಂತ ಹೇಳುವುದು? ಆಗ ಮಾತ್ರ ಆ ಎರಡು ಶಬ್ದ ಕೇಳಿದರೆ ಫೋನು ಎಸೆಯುವ ಅನ್ನಿಸುತ್ತಿತ್ತು.

ದೇವರನ್ನು ಬಿಟ್ಟೆ ಅಂತ ನಾನು ಎಲ್ಲೂ ಹೇಳಿದ್ದಿಲ್ಲ. ಕ್ರಿಸ್ಮಸ್ಸಿಗೆ, ಈಸ್ಟರಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದೆ. ಬಾಯಿ ತೆರೆಯುತ್ತಿರಲಿಲ್ಲ. ರಾತ್ರಿ ಪ್ರಾರ್ಥನೆ ಮಾಡೋಣ ಅಂತ ಕೂತರೆ ಬೇಸಗೆಯ ಬಾವಿಗೆ ಕೊಡಪಾನ ಇಳಿಸಿದ ಹಾಗೆ. ಹಗ್ಗ ಹೋಗುತ್ತದೆ, ಹೋಗುತ್ತದೆ, ಕೊನೆಗೆ ಕಲ್ಲಿಗೆ ತಾಗಿದ ಶಬ್ದ. ಮೇಲೆ ಎಳೆದರೆ ಸ್ವಲ್ಪ ಕೆಸರು. ಸ್ವಲ್ಪ ದಿನ ಆದ ಮೇಲೆ ಇಳಿಸುವುದನ್ನೇ ಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆವು. ಪಡುಬಿದ್ರಿ ದಾಟುವಾಗ ಒಬ್ಬಳಿಗೆ ವಾಂತಿ, ಮೂಲ್ಕಿಯಲ್ಲಿ ಇನ್ನೊಬ್ಬಳಿಗೆ ಚಾರ್ಜರ್ ಮರೆತದ್ದು ನೆನಪಾಯಿತು, ಕೂಳೂರು ಸೇತುವೆಯ ಹತ್ತಿರ ಯಾವಾಗಿನಂತೆ ಬ್ಲಾಕ್. ಜ್ಯೋತಿ ಸ್ಟಾಪಿನಲ್ಲಿ ಇಳಿದು ಬ್ಯಾಗು ಎಳೆದುಕೊಂಡು ಬಲ್ಮಠಕ್ಕೆ ನಡೆಯುವಷ್ಟರಲ್ಲಿ ಬೆನ್ನೆಲ್ಲ ಒದ್ದೆ. ಮಂಗಳೂರಿನ ಮೇ ತಿಂಗಳ ಸೆಕೆ ಗೊತ್ತಿದ್ದವರಿಗೆ ನಾನು ಹೇಳಬೇಕಾದ್ದಿಲ್ಲ.

ರಿಜಿಸ್ಟ್ರೇಷನ್ ಟೇಬಲ್ಲಿನಲ್ಲಿ ಮೊದಲ ನಿಯಮ: ಫೋನು ಗುಂಪಿನ ಲೀಡರ್ ಕೈಯಲ್ಲಿ, ರಾತ್ರಿ ಅರ್ಧ ಗಂಟೆ ಮಾತ್ರ ವಾಪಸ್. ಒಂದು ಬಟ್ಟೆ ಚೀಲದಲ್ಲಿ ಹನ್ನೊಂದು ಫೋನು ಹಾಕಿಕೊಂಡು ಮೂರು ದಿನ ತಿರುಗಿದೆ. ಸೈಲೆಂಟಿನಲ್ಲಿ ಇಡಿ ಅಂದರೆ ವೈಬ್ರೇಟಿನಲ್ಲಿ ಇಟ್ಟಿದ್ದರು. ಪ್ರಾರ್ಥನೆಯ ನಡುವೆ ಆ ಚೀಲ ನನ್ನ ತೊಡೆಯ ಮೇಲೆ ಜೇನುಗೂಡಿನ ಹಾಗೆ ಗುಂಯ್ ಅನ್ನುವುದು.

ಮೊದಲ ದಿನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ದೊಡ್ಡ ಸ್ಪೀಕರು, ಡ್ರಮ್ಸು, ಪ್ರೊಜೆಕ್ಟರಿನಲ್ಲಿ ಇಂಗ್ಲಿಷ್, ಹಿಂದಿ ಹಾಡು, ನಡುನಡುವೆ ಒಂದು ಕನ್ನಡದ್ದು. ಹೆಸರು ಹೇಳಿ ಚೆಂಡು ಎಸೆಯುವ ಆಟ. ರಾತ್ರಿ ಹೊರಗಿನಿಂದ ಬಂದ ಒಬ್ಬರು ದೇವರ ವಾಕ್ಯದ ಪ್ರಸಂಗ ಮಾಡಿದರು, ಮೈಕು ಬೇಕಾಗಿಯೇ ಇರಲಿಲ್ಲ. ಮಕ್ಕಳಿಗೆ ಗಮ್ಮತ್ತು. ನನಗೆ ತಲೆನೋವು. ಆದರೆ ದೊಡ್ಡಮ್ಮ ಹೇಳಿದ್ದು ಸುಳ್ಳಲ್ಲ, ಊಟ ನಿಜಕ್ಕೂ ಒಳ್ಳೆಯದಿತ್ತು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಸೌತೆಕಾಯಿ ಹುಳಿ. ಬಡಿಸುವ ಆಂಟಿ ಎದುರು ಬಂದವರನ್ನೆಲ್ಲ ತುಳುವಿನಲ್ಲಿ "ವನಸ್ ಆಂಡಾ?" (ಊಟ ಆಯಿತಾ?) ಅಂತ ಕೇಳುತ್ತಿದ್ದರು, ತಟ್ಟೆ ಕೈಯಲ್ಲಿ ಹಿಡಿದು ಉಣ್ಣುತ್ತಿದ್ದವರನ್ನೂ.

ರಾತ್ರಿ ಮಲಗಲು ಬೆಡ್‌ಶೀಟ್ ಬಿಡಿಸಿದರೆ ಅದರ ಒಳಗಿಂದ ಅಪ್ಪನ ಸಂಗೀತ ಪುಸ್ತಕ ಬಿತ್ತು. ಹಳೇ ಕ್ಯಾಲೆಂಡರ್ ಹಾಳೆಯ ಬೈಂಡು. ದೊಡ್ಡಮ್ಮನ ಕೆಲಸ. ಒಳಗೆ ಅಪ್ಪ ಪೆನ್ಸಿಲಿನಲ್ಲಿ ಎಂತೆಂತದೋ ಗುರುತು ಹಾಕಿಟ್ಟಿದ್ದಾರೆ ಅಂತ ಗೊತ್ತಿತ್ತು. ಬಿಚ್ಚಿ ನೋಡಲಿಲ್ಲ. ಫೋನಿನ ಚೀಲಕ್ಕೇ ತುರುಕಿದೆ.

ಲೈಟು ಆರಿಸಿದ ಮೇಲೆ ಮೇಲಿನ ಬಂಕಿನಿಂದ ಒಂದು ತಲೆ ಕೆಳಗೆ ಇಳಿಯಿತು. ನಮ್ಮ ಗುಂಪಿನಲ್ಲಿ ಕಡಿಮೆ ಮಾತಾಡುವವಳು, ಪಿಯುಸಿ ಮುಗಿಸಿದವಳು.

"ಅಕ್ಕಾ, ನೀವು ಪ್ರಾರ್ಥನೆಗೆ ಯಾಕೆ ಕಣ್ಣು ಮುಚ್ಚುವುದಿಲ್ಲ?"

"ನಿಮ್ಮನ್ನೆಲ್ಲ ನೋಡಿಕೊಳ್ಳಬೇಕಲ್ಲ."

"ಹೌದಾ," ಅಂದಳು. ಆ 'ಹೌದಾ' ನಂಬಿದ ಹಾಗೆ ಇರಲಿಲ್ಲ. ಮತ್ತೆ ಅವಳೇ, "ಮುಚ್ಚಿದವರು ಯಾರು ಮುಚ್ಚಿಲ್ಲ ಅಂತ ನೋಡಬಾರದು ಅಂತೀರಾ?" ಅಂತ ಹೇಳಿ ತಲೆ ಮೇಲೆ ಎಳೆದುಕೊಂಡಳು. ಕತ್ತಲೆಯಲ್ಲಿ ನಗು ಬಂತು.

ಶನಿವಾರ ಬೆಳಿಗ್ಗೆ ಬೈಬಲ್ ಅಧ್ಯಯನ. ನಡೆಸಿದವರು ಮಧ್ಯವಯಸ್ಸಿನ ಒಬ್ಬರು ಮಹಿಳಾ ಸಭಾಪಾಲಕರು. ಕಾಟನ್ ಸೀರೆ, ಕೈಯಲ್ಲಿ ಚಾಕ್‌ಪೀಸು. ಮೈಕನ್ನು ಪಕ್ಕಕ್ಕಿಟ್ಟರು. "ಇವತ್ತು ದೇವರ ಮೇಲೆ ದೂರು ಕೊಡುವುದು ಹೇಗೆ ಅಂತ ಕಲಿಯೋಣ" ಅಂದರು. ಹಿಂದಿನ ಸಾಲಿನ ಹುಡುಗರು ಅಲ್ಲಿಯವರೆಗೆ ಒಬ್ಬರಿಗೊಬ್ಬರು ಒರಗಿ ನಿದ್ರೆ ಮಾಡುತ್ತಿದ್ದವರು ತಲೆ ಎತ್ತಿದರು.

ಬೈಬಲ್ಲಿನ ಕೀರ್ತನೆಗಳ ಪುಸ್ತಕದಲ್ಲಿ 150 ಕೀರ್ತನೆ ಇವೆ ಅಂತ ಸಂಡೇ ಸ್ಕೂಲಿನಲ್ಲೇ ಬಾಯಿಪಾಠ. ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಅಳು, ದೂರು, ಜಗಳ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ಹಾಡುವುದು ಸ್ತೋತ್ರದ್ದು ಮಾತ್ರ ಅಲ್ವಾ. ಅವರು 13ನೇ ಕೀರ್ತನೆ ಓದಿಸಿದರು. ಬರೀ ಆರು ವಚನ. ಮೊದಲ ಎರಡು ವಚನದಲ್ಲೇ ಇನ್ನೆಷ್ಟು ಕಾಲ ಅಂತ ಕೀರ್ತನೆಗಾರ ನಾಲ್ಕು ಸಲ ಕೇಳುತ್ತಾನೆ. ಕೊನೆಗೆ ಬರುವಾಗ ಭರವಸೆಗೆ ತಿರುಗುತ್ತದೆ. ಸಾಮಾನ್ಯವಾಗಿ ಇಂಥ ಕೀರ್ತನೆಗಳು ಹಾಗೇ, ಕರೆಯುವುದು, ದೂರು ಹೇಳುವುದು, ಬೇಡುವುದು, ಕೊನೆಗೆ ನಂಬುವುದು. ಆಮೇಲೆ 88ನೆಯದನ್ನು ತೆರೆಸಿದರು. ಹದಿನೆಂಟು ವಚನ, ತಿರುಗುವುದೇ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಸ್ತೋತ್ರ ಇಲ್ಲ, ಸಮಾಧಾನ ಇಲ್ಲ, ಬಾಗಿಲು ಹಾಕಿದ ಹಾಗೆ ಮುಗಿಯುತ್ತದೆ.

"ಇದನ್ನು ಸತ್ಯವೇದದಿಂದ ತೆಗೆದು ಹಾಕಬಹುದಿತ್ತು. ಯಾರೂ ತೆಗೆಯಲಿಲ್ಲ" ಅಂತ ಹೇಳಿ ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

ನಾನು ಚೀಲ ಕೆಳಗಿಟ್ಟು ನೆಟ್ಟಗೆ ಕೂತೆ.

ಆಮೇಲೆ ಬಂದದ್ದು ಬೈಬಲ್ಲಿನ ಇನ್ನೊಂದು ಪುಸ್ತಕ, ಪ್ರಲಾಪಗಳು. ಜೆರುಸಲೇಮ್ ಸುಟ್ಟು ಬಿದ್ದ ಮೇಲಿನ ಅಳು, ಐದು ಅಧ್ಯಾಯ. ಮೊದಲನೆಯದು 22 ವಚನ, ಎರಡು 22, ಮೂರು 66, ನಾಲ್ಕು 22, ಐದು 22. ಈ ಲೆಕ್ಕ ಯಾಕೆ ಅಂದರೆ ಹೀಬ್ರೂ ಅಕ್ಷರಮಾಲೆಯಲ್ಲಿ 22 ಅಕ್ಷರ. ಮೊದಲ ನಾಲ್ಕು ಅಧ್ಯಾಯಗಳಲ್ಲಿ ಅಕ್ಷರಗಳ ಕ್ರಮದಲ್ಲೇ ವಚನ ಶುರುವಾಗುತ್ತದೆ, ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರು. ನಮ್ಮ ಅನುವಾದದಲ್ಲಿ ಅದು ಕಾಣುವುದಿಲ್ಲ, ಹಾಗಾಗಿ ನಾನು ಎಷ್ಟೋ ಸಲ ಓದಿದ್ದರೂ ಗೊತ್ತಿರಲಿಲ್ಲ. ಊರು ಸುಟ್ಟುಹೋದವನು ಕೂತು ಅ, ಆ, ಇ, ಈ ಪ್ರಕಾರ ಅಳುತ್ತಾನೆ ಅಂದರೆ ಎಂತದ್ದು? ಅಳು ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದಾಗ ಹಿಡಿದುಕೊಳ್ಳಲು ಒಂದು ಸರಳು ಬೇಕು, ಅಕ್ಷರ ಆ ಸರಳು ಅಂದರು ಅವರು. ಬೋರ್ಡಿನ ಮೇಲೆ ಔವರೆಗೆ ನಮ್ಮ ಹದಿಮೂರು ಸ್ವರ ಬರೆದು, ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ನಲವತ್ತು ನಿಮಿಷ, ಯಾರಿಗೂ ತೋರಿಸಬೇಕಾಗಿಲ್ಲ, ತುಳುವಿನಲ್ಲಾದರೂ ಬರೆಯಿರಿ ಕನ್ನಡದಲ್ಲಾದರೂ ಬರೆಯಿರಿ, ಸುಳ್ಳು ಮಾತ್ರ ಬರೆಯಬೇಡಿ ಅಂತ ಹೇಳಿ ಹೊರಗೆ ಚಾ ಕುಡಿಯಲು ಹೋದರು.

ಹುಡುಗಿಯರಿಗೆ ದೊಡ್ಡ ಸಮಸ್ಯೆ ಋ. "ಅಕ್ಕಾ ಋಷಿ ಬಿಟ್ಟರೆ ಎಂತ ಉಂಟು?" ಒಬ್ಬಳು ಋತುರಾಜ್ ಅಂತ ಕ್ರಿಕೆಟರ್ ಹೆಸರು ಬರೆದಿದ್ದಳು.

ನಾನು ಸುಮ್ನೆ ಕಾಟಾಚಾರಕ್ಕೆ ಪೆನ್ನು ತೆಗೆದದ್ದು. ಅ ಅಂದ ಕೂಡಲೇ ಅಪ್ಪ ಅಂತ ಬಂತು, ಬೇರೆ ಎಂತ ಬರುತ್ತದೆ. ಆ ಹಾಳೆ ಈಗಲೂ ಇದೆ. ಸ್ವಲ್ಪ ಇಲ್ಲಿ ಬರೆಯುತ್ತೇನೆ:

ಅಪ್ಪನ ಮುಖ ತೋರಿಸಲಿಲ್ಲ, ಚೀಲದ ಜಿಪ್ಪು ತೋರಿಸಿದರು.

ಆಸ್ಪತ್ರೆಯ ಗೇಟಿನ ಹೊರಗೆ ನಾನಿದ್ದೆ, ಒಳಗೆ ನೀನಾದರೂ ಇದ್ದೆಯಾ?

ಇಪ್ಪತ್ತೆರಡು ವರ್ಷ ನಿನಗೆ ಹಾಡಿದವರನ್ನು ಒಂದು ಹಾಡಿಲ್ಲದೆ ಮಣ್ಣು ಮಾಡಿದೆವು.

ಈ ಸಮಾಧಾನದ ಮಾತು ಸಾಕು.

ಉ ಬಂದಾಗ ಕೈ ನಿಂತಿತು. ಯಾವ ಶಬ್ದ ಅಂತ ಗೊತ್ತಿತ್ತು. ಆ ಒಂಬತ್ತು ದಿನ ನಾವು ಬೇರೆ ಯಾವುದರ ಬಗ್ಗೆಯೂ ಮಾತಾಡಿರಲಿಲ್ಲ, ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು, ಆಕ್ಸಿಜನ್ ಎಷ್ಟಕ್ಕೆ ಇಳಿಯಿತು. ಬರೆಯಲು ಆಗಲಿಲ್ಲ. ಸಾಲು ಖಾಲಿ ಬಿಟ್ಟು ಮುಂದೆ ಹೋದೆ.

ಊಟದ ಮುಂಚೆ ಅವರು ಮಾಡುತ್ತಿದ್ದ ಪ್ರಾರ್ಥನೆ ಈಗ ಯಾರೂ ಮಾಡುವುದಿಲ್ಲ, ನಿನಗೆ ಗೊತ್ತಾಯಿತಾ?

ಋಣ ಅಂತ ಒಂದು ಉಂಟಲ್ಲ, ಅದು ನಿನಗೂ ಉಂಟು.

ಇದನ್ನು ಬರೆದು ಹೆದರಿದೆ. ಬೆವರಿದೆ. ದೇವರಿಗೆ ಋಣ ಉಂಟು ಅಂತ ಬರೆಯುವುದಾ? ಅಳಿಸೋಣ ಅಂತ ನೋಡಿದರೆ ಬಾಲ್ ಪೆನ್ನು. ಅಷ್ಟರಲ್ಲಿ ಚಾ ಮುಗಿಸಿ ಬಂದ ಅವರು ಬಾಗಿಲಲ್ಲೇ ನಿಂತು, "ಇಷ್ಟು ಹೊತ್ತು ನೀವು ಮಾಡಿದ್ದಕ್ಕೆ ಪ್ರಾರ್ಥನೆ ಅಂತ ಹೆಸರು" ಅಂದರು. ಅಷ್ಟೇ ಹೇಳಿದ್ದು. ನಾಲ್ಕು ವರ್ಷದಲ್ಲಿ ನಾನು ದೇವರ ಹತ್ತಿರ 'ನೀನು' ಅಂತ ಮಾತಾಡಿದ್ದು ಅದೇ ಮೊದಲು. ಬೈಯಲಿಕ್ಕೆ ಆದರೂ ಎದುರಿಗೆ ಒಬ್ಬ ಇದ್ದಾನೆ ಅಂದುಕೊಳ್ಳಬೇಕಲ್ಲ.

ಮಧ್ಯಾಹ್ನ ಒಬ್ಬ ನಿವೃತ್ತ ಮೇಷ್ಟ್ರು ಬಲ್ಮಠದ ಸುತ್ತ ನಡೆಸಿ ಚರಿತ್ರೆ ಹೇಳಿದರು. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಮೂವರು, ಹೆಬಿಕ್, ಲೆಹ್ನರ್, ಗ್ರೈನರ್, ಮಂಗಳೂರಿಗೆ ಬಂದದ್ದು. 1843ರ ಜುಲೈ 1ಕ್ಕೆ ಅದೇ ಮಿಷನ್ನಿನ ಮೋಗ್ಲಿಂಗ್ ಇಲ್ಲಿಂದ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ್ದು, ಕನ್ನಡದ ಮೊದಲ ಪತ್ರಿಕೆ. 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ. ಹುಡುಗಿಯರು ಕಿವಿ ನಿಮಿರಿಸಿದ್ದು ಪೊಲೀಸರ ಖಾಕಿ ಬಣ್ಣ ಇಲ್ಲಿಯ ಮಿಷನ್ ಮಗ್ಗದ ಶಾಲೆಯಲ್ಲಿ ಹುಟ್ಟಿದ್ದಂತೆ ಅಂದಾಗ ಮಾತ್ರ. ನನಗೆ ಹಿಡಿಸಿದ್ದು ಅದೇ ಮಿಷನ್ನಿನ ಕಿಟ್ಟೆಲ್ ಕತೆ. 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಮಾಡಿದವರು ಅಂತ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1862ರಲ್ಲಿ, ಯೇಸುವಿನ ಕತೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿ 'ಕಥಾಮಾಲೆ' ಅಂತ ಬರೆದಿದ್ದರು. ಅಕ್ಷರ ಎಣಿಸಿ, ಮಾತ್ರೆ ಎಣಿಸಿ. ಬೆಳಗ್ಗಿನ ಪಾಠದ ಗುಂಗಿನಲ್ಲಿದ್ದ ನನಗೆ ಅದೂ ಒಂದು ಸರಳು ಹಿಡಿದ ಹಾಗೇ ಕೇಳಿಸಿತು.

ಎರಡನೇ ರಾತ್ರಿ ಸಮರ್ಪಣೆಯ ಕೂಟ. ಇಂಥ ಕಾನ್ಫರೆನ್ಸಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ಲೈಟು ಕಡಿಮೆ ಮಾಡುತ್ತಾರೆ, ಕೀಬೋರ್ಡು ಮೆಲ್ಲಗೆ ನುಡಿಯುತ್ತಾ ಇರುತ್ತದೆ, ಯಾರಿಗೆ ದೇವರು ಮಾತಾಡಿದ್ದಾರೋ ಅವರು ಮುಂದೆ ಬನ್ನಿ ಅಂತ ಕರೆಯುತ್ತಾರೆ. ಒಬ್ಬೊಬ್ಬರೇ ಹೋಗಿ ಮೊಣಕಾಲೂರುತ್ತಾರೆ, ಅಳು ಸಾಲಿನಿಂದ ಸಾಲಿಗೆ ಹರಡುತ್ತದೆ. ನಮ್ಮ ಹನ್ನೊಂದರಲ್ಲಿ ಹತ್ತು ಹೋದರು. ತಮಾಷೆ ಮಾಡಲು ನನಗೆ ಮನಸ್ಸಿಲ್ಲ. ಹದಿನೇಳರಲ್ಲಿ ನಾನೂ ಹೀಗೆ ಹೋಗಿ ಅತ್ತವಳು, ಅದು ನಾಟಕ ಆಗಿರಲಿಲ್ಲ.

ನಾನು ಹಿಂದೆ ಚೀಲ ಹಿಡಿದು ಕೂತಿದ್ದೆ. ಪಕ್ಕಕ್ಕೆ ಯಾರೋ ಬಂದು ಕೂತರು. ಅದೇ ಮೇಲಿನ ಬಂಕಿನವಳು.

"ನೀನು ಹೋಗಲಿಲ್ವಾ?"

"ಹೋದ ವರ್ಷ ಹೋಗಿದ್ದೆ ಅಕ್ಕ. ಅದರ ಹಿಂದಿನ ವರ್ಷವೂ ಹೋಗಿದ್ದೆ." ಸ್ವಲ್ಪ ಹೊತ್ತು ಬಿಟ್ಟು, "ಮನೆಗೆ ಹೋದ ಮೇಲೆ ಒಂದು ವಾರ ಇರ್ತದೆ. ಮತ್ತೆ ಅಪ್ಪ ಅಮ್ಮನ ಜಗಳ ಶುರುವಾದರೆ ಎಲ್ಲ ಹೋಗ್ತದೆ."

ಏನು ಹೇಳುವುದು? ದೇವರ ಚಿತ್ತ ಅಂತಲಾ? ನಾನು ಚೀಲದಿಂದ ನನ್ನ ಹಾಳೆ ತೆಗೆದು ಕೊಟ್ಟೆ. ಯಾರಿಗೂ ತೋರಿಸಬೇಕಾಗಿಲ್ಲ ಅಂದಿದ್ದರು, ಆದರೂ ಕೊಟ್ಟೆ. ಅವಳು ಯಾರದ್ದೋ ಫೋನಿನ ಬೆಳಕಿನಲ್ಲಿ ಓದಿದಳು. ಋ ಹತ್ತಿರ ಬೆರಳಿಟ್ಟು, "ನಂದೂ ಋಣವೇ" ಅಂದಳು. ಅವಳದ್ದನ್ನು ತೋರಿಸಲಿಲ್ಲ, ನಾನು ಕೇಳಲೂ ಇಲ್ಲ. ಮತ್ತೆ, "ಅಕ್ಕ ಉ ಬಿಟ್ಟಿದ್ದೀರಿ" ಅಂದಳು.

"ಗೊತ್ತುಂಟು."

ಅಷ್ಟರಲ್ಲಿ ಗುಡುಗಿತು. ಕರೆಂಟು ಹೋಯಿತು. ಕೀಬೋರ್ಡು ಅರ್ಧಕ್ಕೆ ನಿಂತು, ಹಂಚಿನ ಮೇಲೆ ಮಳೆ ಬಿದ್ದ ಶಬ್ದ ಒಂದೇ ಸವನೆ ಶುರುವಾಯಿತು. ಮುಂದೆ ಮೊಣಕಾಲೂರಿದವರಿಗೆ ಏಳುವುದಾ ಬೇಡವಾ ಅಂತ ಗೊತ್ತಾಗಲಿಲ್ಲ. ಯಾರೋ ಒಬ್ಬ ಹುಡುಗ "ಒಣಗಲು ಹಾಕಿದ ಬಟ್ಟೆ!" ಅಂತ ಬೊಬ್ಬೆ ಹಾಕಿದ. ಅರ್ಧ ಕೂಟ ಎದ್ದು ಓಡಿತು. ಸಂಘಟಕರಿಗೆ ಬೇಜಾರಾಗಿರಬೇಕು ಪಾಪ.

ಆ ರಾತ್ರಿ ಸಿಡಿಲಿಗೆ ಎಂತದೋ ಸುಟ್ಟುಹೋಗಿ ಭಾನುವಾರ ಬೆಳಿಗ್ಗೆಯೂ ಕರೆಂಟು ಬರಲಿಲ್ಲ. ಪ್ರಭುಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆಗೆ ಹತ್ತಿರದ ಹಳೇ ಚರ್ಚಿಗೆ ಹೋದೆವು. ಮೈಕಿಲ್ಲ, ಫ್ಯಾನಿಲ್ಲ, ಪ್ರೊಜೆಕ್ಟರಿಲ್ಲ. ಹಾಡಿನ ಸಂಖ್ಯೆ ಹೇಳಿದರು. ಮಕ್ಕಳು ಮುಖ ಮುಖ ನೋಡಿದರು, ಯಾರ ಹತ್ತಿರವೂ ಪುಸ್ತಕ ಇಲ್ಲ, ಪುಸ್ತಕ ಇದ್ದ ಫೋನು ನನ್ನ ಚೀಲದಲ್ಲಿ. ಹಾಗಾಗಿ ನಾನು ಅಪ್ಪನ ಪುಸ್ತಕ ತೆಗೆಯಬೇಕಾಯಿತು.

ಜರ್ಮನ್ ರಾಗಕ್ಕೆ ಕನ್ನಡ ಮಾತು ಕೂರಿಸಿದ ಹಳೇ ನಿಧಾನದ ಹಾಡು. ಪುಟದ ತುಂಬ ಪೆನ್ಸಿಲ್ ಗುರುತು. ಸಾಲಿನ ನಡುವೆ, ಶಬ್ದದ ತಲೆಯ ಮೇಲೆ, ಸಣ್ಣ ಸಣ್ಣ ಅಕ್ಷರ. ಉ. ಉ. ಉ. ಪ್ರತಿ ಎರಡನೇ ಸಾಲಿಗೆ ಒಂದು ಉ.

ಉಸಿರು ತೆಗೆಯುವ ಜಾಗ. ನನಗೆ ಮರೆತೇ ಹೋಗಿತ್ತು. ಪ್ರ್ಯಾಕ್ಟೀಸಿನಲ್ಲಿ ಅಪ್ಪ ಎಲ್ಲರಿಗೂ ಬರೆಸುತ್ತಿದ್ದರು, ಉಸಿರು ಮುಗಿದ ಮೇಲೆ ತೆಗೆಯಬೇಡಿ, ಮುಗಿಯುವ ಮುಂಚೆ ತೆಗೆಯಿರಿ, ಇಲ್ಲದಿದ್ದರೆ ಕೊನೆಯ ಶಬ್ದ ಸಾಯುತ್ತದೆ ಅಂತ. ಪೆನ್ಸಿಲ್ ಗಟ್ಟಿಯಾಗಿ ಒತ್ತಿ ಬರೆದದ್ದಕ್ಕೆ ಹಾಳೆಯ ಹಿಂಬದಿಗೂ ಮೂಡಿತ್ತು, ಬೆರಳಿಗೆ ಸಿಗುತ್ತಿತ್ತು.

ಊರಿನ ಸಭೆಯವರು ನೆನಪಿನಿಂದಲೇ ಶುರು ಮಾಡಿದರು. ನಮ್ಮ ಹಿಂದಿನ ಬೆಂಚಿನಲ್ಲಿ ಒಬ್ಬರು ಅಜ್ಜ ಟೆನರ್ ಹಿಡಿದರು. ಸ್ವರ ನಡುಗುತ್ತಿತ್ತು, ಒಂದು ಕಡೆ ಸ್ವಲ್ಪ ಇಳಿದೂ ಇತ್ತು. ಅಪ್ಪ ಇದ್ದಿದ್ದರೆ ಹಾರ್ನ್ ಹೊಡೆಯುತ್ತಿದ್ದರು. ಎರಡನೇ ಚರಣದಲ್ಲಿ ನಾನು ಆಲ್ಟೋ ಹಾಡಿದೆ. ಬೇಕು ಅಂತ ಶುರು ಮಾಡಿದ್ದಲ್ಲ, ಉ ಬಂದ ಕಡೆ ಉಸಿರು ತೆಗೆದೆ, ತೆಗೆದ ಮೇಲೆ ಅದು ಹೊರಗೆ ಬರಲೇಬೇಕಲ್ಲ. ಗಂಟಲು ತುಕ್ಕು ಹಿಡಿದ ಗೇಟಿನ ಹಾಗಿತ್ತು. ನಮ್ಮ ಹುಡುಗಿಯರು ತಿರುಗಿ ನೋಡಿ ಒಬ್ಬರಿಗೊಬ್ಬರು ತಿವಿದುಕೊಂಡು ನಕ್ಕರು. ಮೂರನೆಯ ಚರಣದಲ್ಲಿ ಅತ್ತೆ, ನಾಲ್ಕರಲ್ಲಿ ಮತ್ತೆ ಹಿಡಿದೆ.

ಪ್ರಭುಭೋಜನಕ್ಕೆ ಕರ್ತನ ಮೇಜಿನ ಸಾಲಿನಲ್ಲಿ ನಿಂತಾಗ ಚೀಲ ಯಾರ ಕೈಗೆ ಕೊಡುವುದು ಅಂತ ಗೊತ್ತಾಗಲಿಲ್ಲ. ಮೇಲಿನ ಬಂಕಿನವಳು ಕೈ ಚಾಚಿ ತೆಗೆದುಕೊಂಡಳು. ಮೊಣಕಾಲೂರಿ ಕೈಯೊಡ್ಡಿದೆ. ರೊಟ್ಟಿ, ದ್ರಾಕ್ಷಾರಸ. ಮಿಂಚು ಹೊಡೆಯಲಿಲ್ಲ, ಬೆಳಕು ಕಾಣಲಿಲ್ಲ. ಕಣ್ಣು ಮುಚ್ಚಿದ್ದೆ. ಅದು ಗೊತ್ತಾದದ್ದು ತೆರೆದಾಗ.

ಬಸ್ಸಿನಲ್ಲಿ ಎಲ್ಲರ ಫೋನು ಹಂಚಿದೆ. ಸುರತ್ಕಲ್ ದಾಟುವವರೆಗೆ ಯಾರ ಬಾಯಿಂದಲೂ ಒಂದು ಶಬ್ದ ಇಲ್ಲ, ಹನ್ನೊಂದು ತಲೆ ಹನ್ನೊಂದು ಸ್ಕ್ರೀನಿನಲ್ಲಿ.

ದೊಡ್ಡಮ್ಮ ಗೇಟಿನಲ್ಲೇ ಕಾಯುತ್ತಿದ್ದರು. "ಹೇಗಾಯ್ತು?"

"ಊಟ ಒಳ್ಳೇದಿತ್ತು."

"ನಾನು ಹೇಳಲಿಲ್ವಾ," ಅಂತ ನನ್ನ ಬ್ಯಾಗು ತೆಗೆದುಕೊಂಡರು. ಸಂಗೀತ ಪುಸ್ತಕ ಬ್ಯಾಗಿನಲ್ಲಿರಲಿಲ್ಲ, ನನ್ನ ಕಂಕುಳಲ್ಲಿತ್ತು. ನೋಡಿದರು, ಎಂತದೂ ಹೇಳಲಿಲ್ಲ.

ಈಗ ಶನಿವಾರ ಪ್ರ್ಯಾಕ್ಟೀಸಿಗೆ ಹೋಗುತ್ತೇನೆ. ಆಲ್ಟೋದಲ್ಲಿ ಇಬ್ಬರೇ ಇದ್ದರು, ಮೂರಾಯಿತು. ಟೆನರಿಗೆ ಇನ್ನೂ ಸರಿಯಾದ ಜನ ಸಿಕ್ಕಿಲ್ಲ. ಪ್ರಾರ್ಥನೆ ಕೆಲವು ರಾತ್ರಿ ಬರುತ್ತದೆ, ಕೆಲವು ರಾತ್ರಿ ಜಗಳದಲ್ಲೇ ನಿದ್ರೆ ಹತ್ತುತ್ತದೆ. ಮೇಲಿನ ಬಂಕಿನವಳು ಆಗಾಗ ಮೆಸೇಜು ಮಾಡುತ್ತಾಳೆ, ಒಂದೊಂದು ಅಕ್ಷರ ಮಾತ್ರ. ಹೋದ ವಾರ 'ಓ' ಅಂತ ಬಂತು. ಅಂದರೆ ಮನೆಯಲ್ಲಿ ಮತ್ತೆ ಶುರುವಾಗಿದೆ. ನಾನು ಫೋನು ಮಾಡಿದೆ.